ಸೆಗುಂದೊ ಬಾಯಿಂದ ಹೊರಟ ದನಿ

ಹೊಳೆದಂಡೆಯ ಪಟ್ಟಣ ಇಕಿತೋಸಿನ ಬಂದರಿನಲ್ಲಿ ದೋಣಿ ಹೊರಡುವಾಗ ಅದು ಹೋಗುವ ಊರ ಹೆಸರು ಕೂಗುತ್ತಿದ್ದವನು ಸೆಗುಂದೊ. ಮಾರ್ಕೆಟ್ಟಿನ ಆ ತುದಿಯಲ್ಲಿ ಮೀನು ಮಾರುವವರೂ ತಲೆ ಎತ್ತಬೇಕು, ಅಂಥ ಗಂಟಲು. ಅದೇ ಗಂಟಲಿಗೆ ಮೂವತ್ತು ವರ್ಷ ನಾಟಿ ಹೊಗೆಸೊಪ್ಪಿನ ಹೊಗೆಯನ್ನೂ ತುಂಬಿದ. ಯಾರು ಹೇಳಿದರೂ ಕೇಳಲಿಲ್ಲ, ಭಂಡ! ಕೊನೆಗೆ ಡಾಕ್ಟರು ಧ್ವನಿಪೆಟ್ಟಿಗೆಯನ್ನೇ ತೆಗೆದು, ಉಸಿರಾಡಲು ಕುತ್ತಿಗೆಯಲ್ಲೊಂದು ತೂತು ಬಿಟ್ಟರು.

ಮಾತು ಹೋದರೆ ಯಾರಿಗಾದರೂ ಕಷ್ಟವೇ. ಆದರೆ ಇವನ ಹೆಂಡತಿ ಎಲೊಯಿನಾಗೆ ಕಣ್ಣಿಲ್ಲ. ಮದುವೆಯಾದಾಗಿನಿಂದ ಅವಳ ಪಾಲಿಗೆ ಗಂಡ ಅಂದರೆ ಆ ದನಿ. ಈಗ ಅಂಗೈ ಮೇಲೆ ಒಂದು ಸಲ ತಟ್ಟಿದರೆ ಹೌದು, ಎರಡು ಸಲ ತಟ್ಟಿದರೆ ಇಲ್ಲ, ಅಷ್ಟರಲ್ಲೇ ಸಂಸಾರ. ದಿನಾ ಸಂಜೆ ಕೇಳುತ್ತಾಳೆ, "ಗಂಟಲು ಮಾಗ್ತಾ ಇದೆಯಾ ಮಾರಾಯಾ?" ಇವನು ಒಂದು ಸಲ ತಟ್ಟುತ್ತಾನೆ.

ಆಸ್ಪತ್ರೆಯಲ್ಲಿ ಮಾತು ಕಲಿಸುವ ನೋರ್ಕಾ ಮೇಡಂ ಚಿಕ್ಕ ವಯಸ್ಸಿನವಳು, ಬಾಯಿ ಮಾತ್ರ ಜೋರು. "ನೋಡಿ ಯಜಮಾನ್ರೇ, ನಾಲಿಗೆ, ತುಟಿ, ಹಲ್ಲು ಎಲ್ಲಾ ಹಂಗೇ ಇವೆ. ಹೋಗಿರೋದು ನಾದ ಒಂದೇ. ಗಾಳಿ ನುಂಗಿ, ತೇಗಿ. ಆ ತೇಗನ್ನೇ ಬಾಯಲ್ಲಿ ಮಾತು ಮಾಡಿ" ಎಂದು ಸೋಡಾ ಕುಡಿಸುತ್ತಾಳೆ. ಮನೆಯಲ್ಲಿ ತೇಗಿದ್ದಕ್ಕೆ ಬೈಸಿಕೊಂಡವನಿಗೆ ಇಲ್ಲಿ ತೇಗದಿದ್ದರೆ ಬೈಗುಳ! ತುಟಿ ಬಿಗಿಹಿಡಿದು ಬಿಟ್ಟರೆ 'ಪ', ನಾಲಿಗೆಯನ್ನು ಹಲ್ಲಿಗೊತ್ತಿ ಬಿಟ್ಟರೆ 'ತ', ಹಿಂದಕ್ಕೊತ್ತಿ ಬಿಟ್ಟರೆ 'ಕ'. ಇವು ತಾವೇ ಗಾಳಿಯನ್ನು ಒಳಕ್ಕೆ ದೂಡಿಕೊಂಡು ಬೇಗ ಬಂದವು. ಹೆಂಡತಿಯ ಹೆಸರು 'ಎಲೊಯಿನಾ' ಮಾತ್ರ ಬರಲೊಲ್ಲದು. ಆ ಹೆಸರಿನಲ್ಲಿ ಹಾಗೆ ತಡೆದು ಬಿಡುವ ಅಕ್ಷರವೇ ಇಲ್ಲ. ಅದೊಂದಕ್ಕೇ ಮೂರು ತಿಂಗಳು ಹಿಡಿಯಿತು.

ಹೆಸರು ಬಂದ ದಿನ ಮನೆ ಕಡೆ ಹೊರಟ. ದನಿಯೋ, ಕೆಸರಲ್ಲಿ ಕೂತ ಕಪ್ಪೆಯದು. ಇವಳು ಹೆದರಿದರೆ? ನೀನು ನನ್ನ ಗಂಡನೇ ಅಲ್ಲ ಅಂದುಬಿಟ್ಟರೆ? ದಾರಿಯಲ್ಲಿ ಎರಡು ಸಲ ಆಸ್ಪತ್ರೆ ಕಡೆಗೇ ತಿರುಗಿದ.

ಎಲೊಯಿನಾ ಬಾಳೆಕಾಯಿ ಸುಡುತ್ತಿದ್ದಳು. ಅವನು ಬಾಗಿಲಲ್ಲಿ ನಿಂತು, ಗಾಳಿ ನುಂಗಿ, "ಎಲೊಯಿನಾ" ಅಂದ.

"ಯಾರೋ ಅದು?" ಅವಳು ಕೈಗೆ ಸಿಕ್ಕ ಸೌಟು ಎತ್ತಿದಳು. "ಕುಡುಕ ಮುಂಡೇದೇ, ನನ್ನ ಹೆಸರು ಹಿಡಿದು ಕರೀತೀಯಾ? ನನ್ನ ಗಂಡ ಬರೋ ಹೊತ್ತು, ಹೋಗಾಚೆ!"

ಅವನಿಗೆ ಓಡಿಬಿಡೋಣ ಅನ್ನಿಸಿತು. ಆದರೂ ಇನ್ನೊಂದು ಗುಟುಕು ಗಾಳಿ ನುಂಗಿದ. "ಸೀಯ್ತಿದೆ... ಬಾಳೆಕಾಯಿ... ಸೀಯ್ತಿದೆ ಕಣೇ."

ಸೌಟು ಕೆಳಗಿಳಿಯಿತು. ಮುಂದಿನ ಹಲ್ಲಿನ ಸಂದಿಯಲ್ಲಿ ಅವನ 'ಸ' ಯಾವಾಗಲೂ ಸಿಳ್ಳೆ ಹಾಕುತ್ತಿತ್ತು. ಆ ಸಿಳ್ಳೆಯನ್ನು ಯಾವ ಡಾಕ್ಟರೂ ಕತ್ತರಿಸಿರಲಿಲ್ಲ. ಅವಳು ತಡಕಾಡುತ್ತಾ ಬಂದು ಅವನ ತುಟಿ ಮೇಲೆ ಬೆರಳಿಟ್ಟಳು.

"ಇನ್ನೊಂದು ಸಲ ಅನ್ನು."

ಅಂದ.

"ಅಯ್ಯೋ ದೇವರೇ, ನೀನೇ!" ಎಂದು ನಕ್ಕಳು. ಅವನಿಗೆ ಹೋದ ಜೀವ ಬಂತು.

ಆದರೆ ಅವಳ ನಗು ಅರ್ಧದಲ್ಲೇ ನಿಂತಿತು. "ಗಾಯ ಮಾಗಿದ್ಮೇಲೆ ನಿನ್ನ ದನಿ ಬರುತ್ತೆ ಅಂದ್ಕೊಂಡಿದ್ದೆ. ದಿನಾ ಅದಕ್ಕೇ ಕಾಯ್ತಿದ್ದೆ. ಈಗ ಇದು ಬಂದಿದೆ ಅಂದ್ರೆ... ಅದು ಇನ್ನು ಬರಲ್ವಾ?"

ಸೆಗುಂದೊ ಗಾಳಿ ನುಂಗಿದ.

"ಬರಲ್ಲ."

ಅಷ್ಟು ನಿಚ್ಚಳವಾಗಿ ಅವನ ಬಾಯಿಂದ ಇದುವರೆಗೆ ಯಾವ ಮಾತೂ ಹೊರಟಿರಲಿಲ್ಲ. ಎಲೊಯಿನಾ ಅಲ್ಲೇ ಕುಸಿದು ಕೂತು, ಸತ್ತವರ ಮನೆಯಲ್ಲಿ ಅಳುವ ಹಾಗೆ ಅತ್ತಳು.