ತೊಳೆದುಹೋಗುತ್ತಿದ್ದ ಪದರ

ಪ್ರಯೋಗಾಲಯದಲ್ಲಿ ಅವಳನ್ನು ಎಲ್ಲರೂ ಉಜ್ಜೋ ಅಕ್ಕ ಎಂದೇ ಕರೆಯುತ್ತಾರೆ. ಕೆಲಸವೇ ಅದು. ಲೋಹ ಕೊರೆದು ಬಂದ ಲೇತ್ ಯಂತ್ರದ ಟೂಲಿನ ತುದಿಯನ್ನು ಕತ್ತರಿಸಿ, ಕೂದಲಿಗಿಂತ ತೆಳ್ಳಗಾಗುವವರೆಗೆ ಉಜ್ಜಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ಕೊಡಬೇಕು. ಆಗ ಪರದೆಯ ಮೇಲೆ ಪರಮಾಣುಗಳು ಸಾಲುಗಟ್ಟಿ ಕಾಣುತ್ತವೆ. ನಡುವೆ ಸೀನಿದರೆ ಮುಗಿಯಿತು, ಮತ್ತೆ ಮೊದಲಿನಿಂದ.

ಅಲ್ಲಿ ಹುಡುಕುತ್ತಿದ್ದದ್ದು ಇಷ್ಟೇ. ಟೂಲಿನ ಮೇಲಿನ ಗಟ್ಟಿ ಲೇಪಕ್ಕೆ ವೆನೇಡಿಯಂ ಎಂಬ ಲೋಹ ಬೆರೆಸಿದರೆ, ಕೊರೆಯುವ ಕಾವಿಗೆ ಅದು ಗಾಳಿಯ ಆಮ್ಲಜನಕವನ್ನು ಹಿಡಿದು ತನ್ನ ಮೈಮೇಲೆ ತಾನೇ ಜಾರುವ ಪದರವೊಂದನ್ನು ಬೆಳೆಸಿಕೊಳ್ಳಬೇಕು. ಬೆಳೆಸಿಕೊಂಡರೆ ಎಣ್ಣೆ ಸುರಿಯದೆ ಲೋಹ ಕೊರೆಯಬಹುದು.

ಆ ಎಣ್ಣೆಯ ಕಾಟ ಅವಳ ಮನೆಯಲ್ಲೂ ಇತ್ತು. ಗಂಡ ಲೇತ್ ಕೆಲಸಗಾರ. ಕೊರೆಯುವಾಗ ಸುರಿಯುವ ಎಣ್ಣೆನೀರು ಅವನ ಎರಡೂ ಕೈಗಳನ್ನು ತಿಂದುಹಾಕಿತ್ತು. ಚರ್ಮ ಬಿರಿದು, ಅಂಗಿಯ ಗುಂಡಿ ಹಾಕಲೂ ಹೆಂಡತಿ ಬೇಕು. ಹೀಗೇ ಆದರೆ ಲೇತ್ ಬಿಡಬೇಕಾಗುತ್ತದೆ ಎಂದು ಡಾಕ್ಟರು ಹೇಳಿಯಾಗಿತ್ತು. ಪದರ ಬೆಳೆಯುತ್ತದೆಂದು ಪ್ರಯೋಗಾಲಯ ತೋರಿಸಿಕೊಟ್ಟರೆ ಒಂದು ಯಂತ್ರವನ್ನು ಎಣ್ಣೆಯಿಲ್ಲದೆ ಓಡಿಸಿ ನೋಡುತ್ತೇವೆ, ನಿನ್ನನ್ನೇ ಅಲ್ಲಿ ನಿಲ್ಲಿಸುತ್ತೇವೆ ಎಂದು ಕಾರ್ಖಾನೆಯವರು ಅವನಿಗೆ ಮಾತು ಕೊಟ್ಟಿದ್ದರು. ಅವರ ಮಾತಿಗೆಷ್ಟು ತೂಕ ಎಂಬುದು ಹಿಂದೆ ಇಂಥದೇ ಮಾತು ನಂಬಿ ಕೊನೆಗೆ ಗೇಟಿನ ಮುಂದೆ ಧರಣಿ ಕೂತವರಿಗೆ ಗೊತ್ತು. ಆದರೂ ಹಿಡಿದುಕೊಳ್ಳಲು ಬೇರೇನಿತ್ತು?

"ನಿಮ್ಮ ಲೇಪ ಎಲ್ಲಿಗೆ ಬಂತೇ?" ಗಂಡ ದಿನಾ ಕೇಳುತ್ತಿದ್ದ.

"ಅಲ್ಲೇ ಇದೆ ರೀ. ಪದರ ಕಾಣ್ತಿಲ್ಲ."

"ಪರಮಾಣು ಕಾಣುತ್ತೆ, ಪದರ ಕಾಣಲ್ವಾ? ನಿಮ್ಮ ಸರ್‌ಗೆ ಕನ್ನಡಕ ಬದಲಾಯಿಸೋಕೆ ಹೇಳು."

ಸೂಕ್ಷ್ಮದರ್ಶಕದ ಕೋಣೆಗೆ ಕೊಳೆ ಹೋಗಕೂಡದು. ಪರೀಕ್ಷಾ ಲೇತ್‌ನಿಂದ ಬಂದ ಟೂಲನ್ನು ಸಣ್ಣಗೆ ನಡುಗುತ್ತ ಕೊಳೆ ಬಿಡಿಸುವ ತೊಟ್ಟಿಯಲ್ಲಿ ಮೊದಲು ನೀರಿನಿಂದ, ಆಮೇಲೆ ಸ್ಪಿರಿಟ್‌ನಿಂದ ತೊಳೆಯಬೇಕು. ಫಳಫಳ ಅಂದಮೇಲೆಯೇ ಉಜ್ಜುವುದು. ಯಾರೂ ಪ್ರಶ್ನಿಸದ ನಿಯಮ.

ಒಂದು ಮಧ್ಯಾಹ್ನ ಅವಳಿಗೆ ಆ ತೊಟ್ಟಿಯವರೆಗೆ ನಡೆಯಲೂ ಮನಸ್ಸಿರಲಿಲ್ಲ. ಬೆಳಿಗ್ಗೆ ಗಂಡನ ಕೈಗೆ ಬಟ್ಟೆ ಸುತ್ತಿ, ಹಾಸಿಗೆ ಹಿಡಿದ ಮಾವನನ್ನು ಎತ್ತಿ ಕೂರಿಸಿ, ಬಸ್ಸಿನಲ್ಲಿ ನಿಂತೇ ಬಂದಿದ್ದಳು. ಟೂಲಿನ ತುದಿಯಲ್ಲಿ ಎಂದಿನಂತೆ ಮಾಸಲು ಹಳದಿ ಕಲೆ. ಹಾಳಾಗಿ ಹೋಗಲಿ ಎಂದು ತುಂಡು ಹಿಡಿಸುವ ಅಂಟನ್ನು ಅದರ ಮೇಲೆಯೇ ಹಾಕಿ, ಅಡ್ಡಲಾಗಿ ಕತ್ತರಿಸಿ ಉಜ್ಜಿದಳು.

ತುಂಡು ಸಿದ್ಧವಾದ ದಿನ ಪ್ರಯೋಗಾಲಯದ ಮುಖ್ಯಸ್ಥರು ಪರದೆಗೆ ಬಗ್ಗಿದರು. "ಇದೇನಮ್ಮಾ, ಲೇಪದ ಮೇಲೆ ಏನೋ ಕೂತಿದೆಯಲ್ಲ?"

"ಕೊಳೆ ಇರಬೇಕು ಸರ್. ಇದನ್ನ ತೊಳೀಲಿಲ್ಲ. ಸಾಕಾಗಿತ್ತು."

ಅವರು ಇನ್ನಷ್ಟು ಹಿಗ್ಗಿಸಿ ನೋಡಿದರು, ಏನೇನಿದೆಯೆಂದು ಪರೀಕ್ಷಿಸಿದರು. ವೆನೇಡಿಯಂ, ಆಮ್ಲಜನಕ. ಕುರ್ಚಿಗೆ ಒರಗಿದರು.

"ನೀರಿಗೆ ಕರಗುತ್ತೆ ಇದು," ಎಂದರು ಆಮೇಲೆ. "ನಾವು ಹುಡುಕ್ತಿದ್ದದ್ದನ್ನ ನಾವೇ ತೊಳೆದು ಮೋರಿಗೆ ಬಿಟ್ಟಿದ್ದೀವಿ."

"ತೊಳೆದದ್ದು ನಾನು. ತೊಳಿ ಅಂದದ್ದು ನೀವು."

"ಹೂಂ. ಪಾಲು ಸಮ."

ಕುಣಿಯುವ ಬಲ ಇಬ್ಬರಿಗೂ ಇರಲಿಲ್ಲ. ಒಂದೇ ತುಂಡನ್ನು ಯಾರೂ ನಂಬುವುದಿಲ್ಲ. ಪರೀಕ್ಷೆಯನ್ನೆಲ್ಲ ತೊಳೆಯದೆ ಮತ್ತೆ ಮಾಡಬೇಕು. ಅಂದರೆ ಮುಗಿಯುವುದು ಮುಂದಿನ ವರ್ಷ. ಅವಳ ಮನೆಯ ವಿಷಯ ಸರ್‌ಗೆ ಗೊತ್ತಿತ್ತು.

"ಇದೊಂದನ್ನೇ ಕಾರ್ಖಾನೆಗೆ ತೋರಿಸಲಾ?" ಎಂದರು.

"ಬೇಡ ಸರ್. ಇದು ಸುಳ್ಳಾಗಿ ಯಂತ್ರ ಕೆಟ್ಟರೆ, ಆಮೇಲೆ ಯಾವ ಲೇತ್‌ಗೂ ಎಣ್ಣೆ ನಿಲ್ಲಿಸಲ್ಲ ಅವರು."

ಸಂಜೆ ಗಂಡನಿಗೆ ಎಲ್ಲ ಹೇಳಿದಳು. ಅವನು ಗೋಡೆ ನೋಡುತ್ತ ಕೇಳಿಸಿಕೊಂಡ.

"ಹಂಗಾದ್ರೆ ಆ ಎಣ್ಣೆಯಿಲ್ಲದ ಯಂತ್ರ ನನಗೆ ಸಿಗಲ್ಲ."

"ಇಲ್ಲ ರೀ."

"ಇಷ್ಟು ದಿನ ತೊಳೆದೇ ತೊಳೆದ್ಯಲ್ಲ. ಮನೆ ಪಾತ್ರೆ ಅಷ್ಟು ಚೆನ್ನಾಗಿ ತೊಳೆದಿದ್ರೆ ಮುಖ ನೋಡ್ಕೋಬಹುದಿತ್ತು."

"ಬಾಯಿ ಮುಚ್ಚಿ ಕೈ ಕೊಡಿ," ಎಂದು ಮುಲಾಮು ಹಚ್ಚಿದಳು.

ಮುಂದಿನ ತಿಂಗಳು ಅವನು ಲೇತ್ ಬಿಟ್ಟ. ಈಗ ಅದೇ ಕಾರ್ಖಾನೆಯ ಉಗ್ರಾಣದಲ್ಲಿ ಕೂತು ಸಾಮಾನು ಎತ್ತಿ ಕೊಡುತ್ತಾನೆ. ಕೈ ಮಾಯುತ್ತಿದೆ, ಸಿಡುಕು ಹೆಚ್ಚಿದೆ. ಅವನ ಲೇತ್‌ಗೆ ಬಂದ ಹೊಸಬನಿಗೆ ಬೆರಳ ಸಂದಿಯಲ್ಲಿ ಆಗಲೇ ತುರಿಕೆಯಂತೆ. ಇವಳು ತೊಳೆಯದ ತುಂಡುಗಳನ್ನು ಉಜ್ಜುತ್ತಿದ್ದಾಳೆ. ಮೊನ್ನೆ ಒಂದು ಇನ್ನೇನು ಮುಗಿಯಿತು ಅನ್ನುವಾಗ ಮುರಿಯಿತು. ಬೈದುಕೊಂಡು ಇನ್ನೊಂದನ್ನು ಎತ್ತಿಕೊಂಡಳು.