ಮಾಸ್ತಮ್ಮನ ಹೆಬ್ಬೆರಳು

ಸಾವಿರದ ಒಂಬೈನೂರ ಎಂಬತ್ತರ ಆಸುಪಾಸಿನಲ್ಲಿ ಕುಮಟೆಯ ಮೀನುಪೇಟೆಯಲ್ಲಿ ಮಾಸ್ತಮ್ಮನ ಹೆಬ್ಬೆರಳಿಗೆ ಮೋಸ ಮಾಡುವ ಮೀನು ಇನ್ನೂ ಹುಟ್ಟಿರಲಿಲ್ಲ. ಬಂಗಡೆಯ ಮೈ ಒತ್ತಿದರೆ ಕುಳಿ ತಟ್ಟನೆ ತುಂಬಬೇಕು, ತುಂಬದಿದ್ದರೆ ಅದು ನಿನ್ನೆಯದು, ಅವಳ ಬುಟ್ಟಿಗೆ ಬೇಡ. ಬೊಂಬಾಯಿಯಲ್ಲಿ ಅವಳ ಎದೆ ಕೊಯ್ದು ಹೃದಯದ ಕವಾಟ ರಿಪೇರಿ ಮಾಡಿದ ಮೇಲೂ ಅದು ಸ್ವಲ್ಪ ಸೋರುತ್ತದೆಂದು ಡಾಕ್ಟರು ಹೇಳಿದ್ದೇ ತಡ, ಕೇರಿಗೆಲ್ಲ ಕುತೂಹಲ. ನೆರೆಯ ಬೆಳ್ಳಿಯಂತೂ ಅವಳ ಬೆನ್ನಿಗೆ ಕಿವಿ ಹಚ್ಚಿ, "ಎಂತದೇ ಇದು, ಒಳಗೆ ಯಾರೋ ಒಲೆ ಊದ್ದಂಗೆ ಕೇಳ್ತದಲ್ಲೇ!" ಎನ್ನುತ್ತಿದ್ದಳು. "ಊದ್ಲಿ ಬಿಡೇ, ಒಲೆ ಆರದಿದ್ರೆ ಸಾಕು," ಎಂದು ಮಾಸ್ತಮ್ಮ ನಗುತ್ತಿದ್ದಳು. ಡಾಕ್ಟರು ಉಪ್ಪು ಬಿಡಿಸಿದ್ದರಿಂದ ಅವಳ ಗಂಜಿಗೆ ಉಪ್ಪಿರಲಿಲ್ಲ. ಒಣಮೀನು ಮಾರುತ್ತಿದ್ದಳೇ ಹೊರತು ಬಾಯಿಗೆ ಇಡುತ್ತಿರಲಿಲ್ಲ, ಘಮ ಬಂದರೆ "ಹೋಗಾ ಮಾರಾಯ, ನಿನ್ನ ಸಹವಾಸ ಬೇಡ," ಎಂದು ಒಣ ಸೀಗಡಿಗೇ ಬಯ್ಯುತ್ತಿದ್ದಳು. ಸೋರಿಕೆ ಹೆಚ್ಚಿದರೆ ಕಾಲಲ್ಲಿ ನೀರು ನಿಲ್ಲುತ್ತದೆ, ಆಗ ತಡಮಾಡಿದರೆ ಜೀವಕ್ಕೇ ಅಪಾಯ ಎಂದಿದ್ದರು ಡಾಕ್ಟರು. ಹಾಗಾಗಿ ದಿನಾ ಬೆಳಗ್ಗೆ ಪೇಟೆಗೆ ಹೊರಡುವ ಮೊದಲು ತನ್ನ ಕಣಕಾಲನ್ನೂ ಅದೇ ಹೆಬ್ಬೆರಳಿನಿಂದ ಒತ್ತಿ, ಕುಳಿ ತುಂಬಿದರೆ "ಆತು, ಇವತ್ತಿನದೇ," ಎಂದು ಬುಟ್ಟಿ ಎತ್ತುತ್ತಿದ್ದಳು. ಒಂದು ಬೆಳಗ್ಗೆ ಕುಳಿ ಹಾಗೇ ನಿಂತಿತು. ಬುಟ್ಟಿಯ ತುಂಬ ಆಗಷ್ಟೇ ದೋಣಿಯಿಂದ ಇಳಿದ ಬಂಗಡೆ. "ಮಾರಿ ಮುಗಿಸಿ ಮಧ್ಯಾಹ್ನ ಆಸ್ಪತ್ರೆಗೆ ಹೋದ್ರೆ ಆಗೂದಿಲ್ವೇನೇ?" ಎಂದಳು ಬೆಳ್ಳಿ. ಮಾಸ್ತಮ್ಮ ಇನ್ನೊಮ್ಮೆ ಒತ್ತಿ ನೋಡಿದಳು. ಆಮೇಲೆ ಬುಟ್ಟಿಯನ್ನು ಬೆಳ್ಳಿಯ ತಲೆಗೆ ಏರಿಸಿ, "ಇದನ್ನ ನೀನು ಮಾರು ಮಾರಾಯ್ತಿ, ಇವತ್ತು ನಾನೇ ನಿನ್ನೆಯ ಮೀನು," ಎಂದವಳು ಆಸ್ಪತ್ರೆಯ ಬಸ್ಸು ಹತ್ತಿದಳು.