ಮೊನಾಶಿಗೆ ಕಳಿಸಬೇಕಾಗಿದ್ದ ಮನೆ

"ಕಿನುಯೊ ತನ್ನ ಮನೇಲೇ ನೆಂಟರ ಹಾಗೆ ಇರ್ತಾಳೆ" ಎಂದು ಅಕ್ಕಪಕ್ಕದವರು ಆಡಿಕೊಳ್ಳುತ್ತಿದ್ದರು. "ಒಂದು ಮೊಳೆ ಹೊಡೀಬೇಕಾದ್ರೂ ಸತ್ತ ಅಜ್ಜಿಯ ಅಪ್ಪಣೆ ಕೇಳ್ತಾಳಂತೆ!"

ಅವರಂದದ್ದು ಸುಳ್ಳೇನಲ್ಲ. ಜಪಾನಿನ ಹೊಕ್ಕೈದೊ ದ್ವೀಪದಲ್ಲಿ, ಸಾಲ್ಮನ್ ಮೀನು ಏರಿಬರುವ ಹೊಳೆಯ ದಂಡೆಯ ಆ ಹಲಗೆ ಮನೆ ಅವಳ ಅಜ್ಜಿ ಮೊನಾಶಿಯದು. ಹುಟ್ಟಿದಾಗಿನಿಂದ ಎಂಬತ್ತು ದಾಟುವವರೆಗೂ ಅಲ್ಲೇ ಇದ್ದರೂ ಕಿನುಯೊ ಅದನ್ನು ಒಂದು ದಿನವೂ ತನ್ನದೆಂದುಕೊಂಡವಳಲ್ಲ.

ಅಲ್ಲಿನ ಮೂಲನಿವಾಸಿಗಳಾದ ಐನು ಜನರಲ್ಲಿ ಹಿಂದೆಲ್ಲ ಮುದುಕಿ ತೀರಿಕೊಂಡರೆ ಅವಳ ಮನೆಯನ್ನೂ ಸುಟ್ಟು ಅವಳ ಬೆನ್ನ ಹಿಂದೆಯೇ ಕಳಿಸುತ್ತಿದ್ದರು. ಗಂಡಸಾದರೆ ಆಚೆಯ ಲೋಕದಲ್ಲಿ ಮರ ಕಡಿದು ತಾನೇ ಸೂರು ಮಾಡಿಕೊಂಡಾನು. ಹೆಂಗಸು, ಅದೂ ಮುದುಕಿ, ಅಲ್ಲಿ ಯಾರ ಕಾಲು ಹಿಡಿಯಬೇಕು? ಆದರೆ ಮೊನಾಶಿ ಸತ್ತ ದಿನ ಪೊಲೀಸಿನವನು ಬಂದು ಬಾಗಿಲಲ್ಲೇ ಕೂತ. ಮನೆಗೆ ಬೆಂಕಿ ಇಟ್ಟರೆ ಜೈಲು ಎಂದ. ಹೆಣ ಎತ್ತುವವರೆಗೆ ಏಳಲಿಲ್ಲ. ಹೀಗೆ ಮೊನಾಶಿ ಬರಿಗೈಯಲ್ಲಿ ಹೋದಳು.

ಹೋದವಳನ್ನು ಅಲ್ಲಿಯೂ ಇರಗೊಡಲಿಲ್ಲ. ಕೆಲವು ಬೇಸಿಗೆ ಕಳೆದ ಮೇಲೆ ವಿಶ್ವವಿದ್ಯಾಲಯದ ಪಂಡಿತರು ಗುದ್ದಲಿ ತಂದು ಮಸಣ ಅಗೆದು ಮೊನಾಶಿಯ ಮೂಳೆಗಳನ್ನೂ ಒಯ್ದರು. ಐನುಗಳ ಬುರುಡೆ ಎಷ್ಟು ಉದ್ದ, ಎಷ್ಟು ಅಗಲ ಎಂದು ಅವರಿಗೆ ಅಳೆಯಬೇಕಿತ್ತಂತೆ. ಕಿನುಯೊ ಅವ್ವನ ಅಂಗಿಯಂಚು ಹಿಡಿದು ನೋಡಿದಳು. ಅವ್ವ ಅಳಲಿಲ್ಲ. ಮನೆಗೆ ಬಂದು ಒಲೆಗೆ ಸೌದೆ ಹಾಕಿದಳು. "ಅವಳು ತಿರುಗಿ ಬಂದ್ರೆ ಮನೆ ಕೊಟ್ಟು ಕಳಿಸ್ಬೇಕು ಕಣೆ. ನಾನಿಲ್ದಿದ್ರೆ ನೀನು" ಎಂದಳು.

ಅಂದಿನಿಂದ ಕಾಯುವುದೇ ಬಾಳಾಯಿತು. ಕಿನುಯೊ ಸಮುದ್ರಪಾಚಿ ಒಣಗಿಸಿದಳು, ಕುದುರೆ ಲಾಯದಲ್ಲಿ ದುಡಿದಳು, ಗಂಡನನ್ನು ಕಳೆದುಕೊಂಡಳು. ಸಂಜೆ ಒಲೆಯ ಮುಂದೆ ಕೂತರೆ ಮಾತ್ರ ಅಜ್ಜಿ ಎದುರಿಗೇ ಇದ್ದಂತೆ. ತುಟಿಯ ಸುತ್ತ ನೀಲಿ ಹಚ್ಚೆ. ಬಟ್ಟೆ ನೇಯಲು ಎಲ್ಮ್ ಮರದ ನಾರನ್ನು ಹಲ್ಲಲ್ಲಿ ಕಚ್ಚಿ ಸೀಳುತ್ತ, ಒಂದು ತುದಿಯನ್ನು ಮೊಮ್ಮಗಳ ಕೈಗೆ ಕೊಟ್ಟು, "ಬಿಗಿಯಾಗಿ ಹಿಡ್ಕೊ, ನೀನು ಬಿಟ್ರೆ ನಾನು ಬೀಳ್ತೀನಿ!" ಎಂದು ಬೇಕೆಂದೇ ಹಿಂದಕ್ಕೆ ವಾಲುತ್ತಿದ್ದಳು. ನವಣೆಯ ಕಳ್ಳಿನ ಮೊದಲ ಹನಿ ಒಲೆಯೊಳಗಿನ ದೇವತೆ ಬೆಂಕಿಯಜ್ಜಿಗೆ, ಆಮೇಲೆ ಉಳಿದವರಿಗೆ. ಕಾಡು ಬೆಳ್ಳುಳ್ಳಿ ಹಾಕಿದ ಮೀನು ಸಾರಿನ ಘಮಕ್ಕೆ ದಾರಿಹೋಕರೂ ಬಾಗಿಲಲ್ಲಿ ಕೆಮ್ಮಿ ಒಳಗೆ ಕರೆಯಲೆಂದು ಕಾಯುತ್ತಿದ್ದ ಕಾಲ ಅದು.

ಕಡೆಗೂ, ಊರವರ ಕೋರ್ಟು ಕಚೇರಿ ಅಲೆದಾಟವೆಲ್ಲ ಮುಗಿದು, ಮೂಳೆಗಳು ಊರಿಗೆ ಬಂದವು. ಕರಿಕೋಟು ತೊಟ್ಟ ವಿಶ್ವವಿದ್ಯಾಲಯದವರು ಬಿಳಿಬಟ್ಟೆ ಹೊದಿಸಿದ ಮೂರು ಪೆಟ್ಟಿಗೆ ಇಳಿಸಿ ಸೊಂಟ ಬಗ್ಗಿಸಿ ವಂದಿಸಿದರು. ಈ ಮಸಣದಿಂದ ಒಯ್ದದ್ದು ಇಬ್ಬರು ಹೆಂಗಸರು, ಒಬ್ಬ ಗಂಡಸು. ಆದರೆ ಎಲುಬುಗಳು ಒಂದರೊಳಗೊಂದು ಕಲೆತುಹೋಗಿವೆ, ಯಾರು ಯಾರೆಂದು ತಮಗೆ ತಿಳಿಯದು ಎಂದರು.

ಪ್ರಾರ್ಥನೆ ಹೇಳಬೇಕಾದವನು ಕಿನುಯೊಳ ತಂಗಿಯ ಮಗ ತಾಮೆಜೊ. ಅವನೂ ತಲೆ ಕೆರೆದುಕೊಂಡ.

"ದೊಡ್ಡವ್ವ, ಈ ಮನೆ ಯಾರಿಗೆ ತಲುಪಬೇಕು ಅಂತ ಬೆಂಕಿಯಜ್ಜಿಗೆ ಹೇಳ್ಬೇಕಲ್ಲ. ಇವಳಿಗೇ ಅಂತ ಯಾವ ಪೆಟ್ಟಿಗೆ ತೋರಿಸ್ಲಿ?"

"ಮೂವರಿಗೂ ಅಂದ್ಬಿಡು" ಎಂದಳು ಪಕ್ಕದ ಮನೆಯ ಮಿಸಾ.

"ಥೂ, ನಿನ್ನ ಬುದ್ಧಿಗಿಷ್ಟು!" ಎಂದಳು ಕಿನುಯೊ. " ಇನ್ನೊಬ್ಬಳು ಇಕೋವನ್ ಕಣೇ. ಮೀನು ಒಣಗಿಸೋ ಗಳುವಿನ ಜಗಳಕ್ಕೆ ನಮ್ಮಜ್ಜಿ ಸಾಯೋವರೆಗೂ ಅವಳ ಮುಖ ನೋಡ್ಲಿಲ್ಲ. ಇಬ್ರನ್ನೂ ಒಂದೇ ಸೂರಿನಡಿ ಕೂರಿಸಿದ್ರೆ ಆ ಲೋಕ ಉಳಿದೀತೇ?"

ಮಿಸಾ ನಕ್ಕಳು. ಕಿನುಯೊಳಿಗೆ ನಗು ಬರಲಿಲ್ಲ. ಎದ್ದು ಪೆಟ್ಟಿಗೆಗಳ ಹತ್ತಿರ ಹೋದಳು. ಒಂದೊಂದರ ಮೇಲೂ ಕೈಯಿಟ್ಟಳು. ಯಾವುದೂ ತಾನೆಂದು ಹೇಳಲಿಲ್ಲ. ತಣ್ಣಗಿದ್ದವು, ಮೂರೂ ಒಂದೇ ಸಮ ತಣ್ಣಗಿದ್ದವು.

"ಏನಪ್ಪ," ಎಂದು ಕರಿಕೋಟಿನವನೊಬ್ಬನನ್ನು ಕೇಳಿದಳು, "ಇವರನ್ನ ಅಲ್ಲಿ ಬೇರೆ ಬೇರೆ ಇಟ್ಟಿದ್ರಾ?"

"ಇಲ್ಲಮ್ಮ. ಒಂದೇ ಕಪಾಟಿನಲ್ಲಿ."

"ಒಲೆ ಇತ್ತಾ ಆ ಕೋಣೇಲಿ?"

"ಇರಲಿಲ್ಲ" ಎಂದು ಅವನು ಪೆಟ್ಟಿಗೆಯ ಮೇಲಿನ ಬಿಳಿಬಟ್ಟೆ ಸರಿಪಡಿಸಿದ.

ಕಿನುಯೊ ತಾಮೆಜೊನ ಕಡೆ ತಿರುಗಿದಳು. "ಮೂವರಿಗೂ ಅಂತಲೇ ಹೇಳು ಮಗ. ಇಷ್ಟು ವರ್ಷ ಬೆಂಕಿಯಿಲ್ಲದ ಕೋಣೇಲಿ ಒಬ್ಬರಿಗೊಬ್ಬರು ಆತುಕೊಂಡಿದ್ದವರು. ಗಳುವಿನ ಜಗಳ ಎಂದೋ ಮುಗಿದಿರ್ತದೆ."

"ಆ ಗಂಡಸಿಗೆ ಮನೆ ಯಾಕೆ ದೊಡ್ಡವ್ವ? ಬೇಕಾದ್ರೆ ಕಟ್ಕೋತಾನೆ."

"ಇಬ್ಬರು ಮುದುಕೀರು ಕಣೋ. ಸೌದೆ ಒಡೆಯೋಕೆ ಒಬ್ಬ ಬೇಡ್ವಾ?"

ಈಗ ನಗು ಅವಳಿಗೂ ಬಂತು, ನಗುತ್ತಲೇ ಕಣ್ಣೊರೆಸಿಕೊಂಡಳು.

ಮೂವರನ್ನೂ ಮಣ್ಣಿಗೆ ಒಪ್ಪಿಸಿದರು. ಜೊತೆಗಿಟ್ಟ ಬಟ್ಟಲು, ಚಾಕುಗಳನ್ನು ಮುರಿದೇ ಇಟ್ಟರು. ಇಲ್ಲಿ ಮುರಿದದ್ದೇ ಅಲ್ಲಿ ಇಡಿಯಾಗುವುದು. ಇನ್ನು ಮನೆ. ಇಡೀ ಮನೆಗೆ ಬೆಂಕಿಯಿಡಲು ಅಗ್ನಿಶಾಮಕದವರು ಒಪ್ಪಲಿಲ್ಲ. ಆದ್ದರಿಂದ ಅದನ್ನು ಬಿಚ್ಚಿ, ಅದೇ ಕಂಬ, ಅದೇ ಹಲಗೆಗಳಿಂದ ಹೊಳೆಯ ಮರಳ ಮೇಲೆ ಪುಟ್ಟದೊಂದು ಗುಡಿಸಲು ಎಬ್ಬಿಸಿ ಸುಡುವುದೆಂದಾಯಿತು. ಕಿನುಯೊಳ ಹಾಸಿಗೆ ಮಿಸಾಳ ಮನೆ ಸೇರಿತು.

ಮಾರನೆಯ ಬೆಳಿಗ್ಗೆ ಗಂಡಸರು ಹಾರೆ, ಸುತ್ತಿಗೆ ಹಿಡಿದು ಅಂಗಳದಲ್ಲಿ ಬಂದು ನಿಂತರು. ಕಿನುಯೊ ಒಳಗೆ ಕಸ ಗುಡಿಸುತ್ತಿದ್ದಳು.

"ಬಿಚ್ಚೋ ಮನೆಗೆ ಯಾಕೆ ಪೊರಕೆ?" ಎಂದು ಮಿಸಾ ಹೊರಗಿನಿಂದ ಕೂಗಿದಳು. "ಬಾರೆ, ಚಹಾ ಆರ್ತಿದೆ."

"ಕೊಡೋ ಮನೇನ ಕೊಳಕಾಗಿ ಕೊಡೋಕಾಗ್ತದಾ? ಸುಮ್ನಿರು."

ಗುಡಿಸಿ ಮುಗಿಸಿ ಒಲೆಯ ಮುಂದೆ ಮಂಡಿಯೂರಿದಳು. ಕೆಂಡಗಳನ್ನು ಒಂದೊಂದಾಗಿ ಕಬ್ಬಿಣದ ಬಾಣಲೆಗೆ ಎತ್ತಿಕೊಂಡಳು. ಗುಡಿಸಲಿಗೆ ಬೆಂಕಿಯಿಡುವವರೆಗೆ ಆರದಂತೆ ಮೇಲೆ ಬೂದಿ ಮುಚ್ಚಿದಳು. ಬರಿದಾದ ಒಲೆಯನ್ನು ಅಂಗೈಯಿಂದ ಮುಟ್ಟಿದಳು, ಇನ್ನೂ ಬಿಸಿಯಿತ್ತು. ಬಾಣಲೆ ಹೊತ್ತು ಹೊಸ್ತಿಲು ದಾಟಿದಳು.

"ಮೂಡಣ ಕಿಟಕಿ ದೇವರದು. ಅದನ್ನ ಕಡೇಲಿ ತೆಗೀರಿ" ಎಂದಳು ತಾಮೆಜೊಗೆ. "ಬಾಗಿಲು ಜೋಪಾನ, ಒದೀಬೇಡಿ."

ಮಾಡಿನ ತಗಡಿಗೆ ಮೊದಲ ಪೆಟ್ಟು ಬೀಳುವ ಹೊತ್ತಿಗೆ ಅವಳು ಕೆಂಡ ಹೊತ್ತು ಹೊಳೆಯ ಕಡೆ ಇಳಿಯತೊಡಗಿದ್ದಳು.